ವಜ್ರಲೇಪವೆಂಬ ಹೆಸರಿನ ವಿಚಾರ

ಉಕ್ಕಿನ ಮೇಲೆ ಇಂಗಾಲದ ಅತಿ ತೆಳುವಾದ ಪೊರೆಯನ್ನು ಕೂಡಿಸಿ, ಸವೆಯದಷ್ಟು ಗಡಸನ್ನೂ ಜಾರುವ ನುಣುಪನ್ನೂ ಒಟ್ಟಿಗೆ ಪಡೆಯುವ ವಿದ್ಯೆಯು 1971ರಲ್ಲಿ ಐಸೆನ್‌ಬರ್ಗ್ ಮತ್ತು ಚಾಬೊ ಎಂಬ ವಿಜ್ಞಾನಿಗಳ ಪ್ರಯೋಗದಿಂದ ಪ್ರಸಿದ್ಧಿಗೆ ಬಂದಿತು. ಈ ಪೊರೆಯನ್ನು ಕನ್ನಡದಲ್ಲಿ ವಜ್ರಲೇಪವೆಂದು ಕರೆಯುವ ಆಸೆಯು ಪಂಡಿತರಿಗೆ ಸಹಜವಾದುದೇ. ಸಿದ್ಧವಾದ ಶಬ್ದ, ಕಿವಿಗೂ ಹಿತ. ಆದರೆ ಪಠ್ಯಪುಸ್ತಕಕ್ಕೆ ಒಮ್ಮೆ ಸೇರಿದ ಪರಿಭಾಷೆಯನ್ನು ಹೊರಗೆ ಹಾಕುವುದು ಸುಲಭವಲ್ಲವಾದುದರಿಂದ, ಹೆಸರು ವಸ್ತುವಿಗೆ ಒಪ್ಪುವುದೇ ಎಂಬುದನ್ನು ಮೊದಲೇ ಪರೀಕ್ಷಿಸುವುದು ಯುಕ್ತ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಎಳೆಯ ತೂಬರೆ ಮತ್ತು ಬೇಲದ ಕಾಯಿ, ಬೂರುಗದ ಹೂ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವಂತೆ ಕಾಯಿಸಿ, ಗುಗ್ಗುಳ, ಅಗಸೆ, ಬಿಲ್ವ ಇವುಗಳ ಕಲ್ಕವನ್ನು ಸೇರಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಹಚ್ಚಬೇಕೆಂದು ಅಲ್ಲಿಯ ವಿಧಿ. ಇದರಲ್ಲಿ ವಜ್ರವೂ ಇಲ್ಲ, ಇದ್ದಿಲೂ ಇಲ್ಲ. ಇದು ಅಂಟು, ಬಿಡದಿರುವುದೇ ಇದರ ಗುಣ. ತೊಳೆಯಲಾಗದ ಪಾಪವನ್ನು ವಜ್ರಲೇಪವೆನ್ನುವುದೂ ಈ ಗುಣವನ್ನು ಹಿಡಿದೇ. ನುಣುಪಿನ ಸುಳಿವು ಈ ಶಬ್ದದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹೊಸ ಪೊರೆಯ ದೌರ್ಬಲ್ಯವಿರುವುದಾದರೋ ಈ ಹಿಡಿತದಲ್ಲಿಯೇ. ಅದನ್ನು ಹಚ್ಚುವುದಿಲ್ಲ, ನಿರ್ವಾತದಲ್ಲಿ ಇಂಗಾಲದ ಕಣಗಳನ್ನು ವೇಗದಿಂದ ತಾಕಿಸಿ ಕೂಡಿಸುತ್ತಾರೆ. ಹಾಗೆ ಇಡಿಕಿರಿದ ಕಣಗಳ ಒಳಒತ್ತಡದಿಂದ ಪೊರೆಯು ದಪ್ಪವಾದಷ್ಟೂ ತಾನಾಗಿಯೇ ಸಿಡಿದೇಳುತ್ತದೆ. ಆದಕಾರಣ ಅದನ್ನು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಕೆಲವೇ ಅಂಶಗಳಿಗೆ ಮಿತಗೊಳಿಸಿ, ಕೆಳಗೆ ಕ್ರೋಮಿಯಂ ಅಥವಾ ಸಿಲಿಕಾನಿನ ಒಂದು ನಡುಪದರವನ್ನು ಇಡುವುದುಂಟು.

ಈ ನಡುಪದರದ ಮರ್ಮವನ್ನು ಅರಿಯಲು ಕೊಪ್ಪಳದ ಸಮೀಪದ ಕಿನ್ನಾಳವು ಒಳ್ಳೆಯ ಪಾಠಶಾಲೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರದ ಬೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಿಸೆಬೀಜದ ಅಂಟಿನೊಡನೆ ಕಲಸಿದ ಕಿಟ್ಟವನ್ನು ಮೊದಲು ಮೆತ್ತುತ್ತಾರೆ, ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಸರಿ, ಬಣ್ಣ ಕಡೆಯದು. ಕಣ್ಣಿಗೆ ಕಾಣುವ ಪದರದ ಆಯುಸ್ಸು ಕಾಣದ ಪದರದ ಕೈಯಲ್ಲಿದೆಯೆಂಬುದನ್ನು ಅವರು ಯಾವ ಸಂಹಿತೆಯನ್ನೂ ಓದದೆ ಬಲ್ಲರು. ಲೇಪವೆಂಬ ಮಾತು ಅವರ ಕೆಲಸಕ್ಕೆ ಪೂರ್ಣವಾಗಿ ಸಲ್ಲುತ್ತದೆ.

ನುಣುಪಿನ ಮಾತು ಬೇಕಾದರೆ ಯಲಬುರ್ಗಾ, ಕುಷ್ಟಗಿಗಳ ಎರೆಯ ಹೊಲದ ದಾರಿಯಲ್ಲಿ ಹುಡುಕಬೇಕು. ಚಕ್ಕಡಿಯ ಇರುಸಿಗೆ ಹಚ್ಚುತ್ತಿದ್ದ ಕೀಲೆಣ್ಣೆಯು ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದುದು. ಅದೂ ಇಂಗಾಲವೇ. ಆದರೆ ಜಾರಿಕೆಯ ಬಹುಭಾಗ ಎಣ್ಣೆಯದು, ಗಡಸಂತೂ ಇಲ್ಲ. ಗಂಗಾವತಿಯ ಅಕ್ಕಿಯ ಗಿರಣಿಗೆ ಬೇಕಾದುದು ಗಡಸು. ಭತ್ತದ ಹೊಟ್ಟಿನಲ್ಲಿರುವ ಸಿಲಿಕವು ಯಂತ್ರದ ಕಬ್ಬಿಣವನ್ನೇ ಕೆರೆದುಹಾಕುತ್ತದೆ. ಹಳೆಯ ನುಡಿಯಲ್ಲಿ ಈ ಎರಡು ಗುಣಗಳಿಗೆ ಎರಡು ವಸ್ತುಗಳು, ಎರಡು ಹೆಸರುಗಳು. ಎರಡನ್ನೂ ಒಂದರಲ್ಲಿ ತೋರುವ ಪೊರೆಗೆ ವಜ್ರಲೇಪವೆಂಬ ಹೆಸರು ಅರ್ಧವನ್ನು ಮಾತ್ರ ಹೇಳುತ್ತದೆ, ಆ ಅರ್ಧದಲ್ಲಿಯೂ ಅತಿಶಯೋಕ್ತಿಯಿದೆ. ಪೊರೆಯು ಶುದ್ಧ ವಜ್ರವಲ್ಲ. ವಜ್ರದ ಬಂಧವೂ ಗ್ರಾಫೈಟಿನ ಬಂಧವೂ ಅದರಲ್ಲಿ ಕ್ರಮವಿಲ್ಲದೆ ಬೆರೆತಿವೆ. ಅದರ ನುಣುಪೂ ಸ್ಥಿರವಲ್ಲ: ಜಲಜನಕ ಬೆರೆತ ಪೊರೆಯು ಒಣ ವಾಯುವಿನಲ್ಲಿ ಅತ್ಯಂತ ಜಾರುತ್ತದೆ, ತೇವದ ಗಾಳಿಯಲ್ಲಿ ಅಷ್ಟು ಜಾರದು.

ಪಾಣಿನಿಯು ತುಸು ಕೊರತೆಯುಳ್ಳದ್ದೆಂಬ ಅರ್ಥದಲ್ಲಿ ಕಲ್ಪ ಪ್ರತ್ಯಯವನ್ನು ವಿಧಿಸಿದ್ದಾನೆ. ವಜ್ರಕಲ್ಪವೆಂದರೆ ವಜ್ರಕ್ಕೆ ತುಸುವೇ ಕಡಮೆಯಾದುದು; ಇಷ್ಟು ಪ್ರಾಮಾಣಿಕವಾದ ಶಬ್ದ ಇನ್ನೊಂದು ದೊರೆಯುವುದು ಕಷ್ಟ. ವಜ್ರಕಲ್ಪವಾದ ಇಂಗಾಲದ ಪೊರೆಯೆಂದು ಬಿಡಿಸಿ ಬರೆದರೆ ಅರಿಸಮಾಸದ ಅಂಜಿಕೆಯೂ ಇಲ್ಲ. ಇಂಗಾಲವನ್ನು ಬಿಟ್ಟು ಅಂಗಾರವೆನ್ನಬೇಕೆಂದು ಸಂಸ್ಕೃತಾಭಿಮಾನಿಗಳು ವಾದಿಸಬಹುದು. ಆದರೆ ಆನೆಗೊಂದಿಯ ನವವೃಂದಾವನಕ್ಕೆ ಬರುವ ಮಾಧ್ವರಿಗೆ ಅಂಗಾರವೆಂದರೆ ಹಣೆಯ ಮೇಲಿನ ಕರಿಯ ಗೆರೆ. ಅದು ಕೈ ತಾಕಿದರೆ ಅಳಿಸಿಹೋಗುವಂಥದು.