ಆತಂಕ ಬೇಡ ಎಂದವರು ದಾರಿ ಹೇಳಲಿಲ್ಲ

ಕಾವೇರಿ ಗಲಾಟೆ ಎದ್ದು ಮಂಡ್ಯ ರಸ್ತೆಗಿಳಿದಾಗಲೆಲ್ಲ, ಟೈರಿನ ಹೊಗೆ ಆರುವ ಮುಂಚೆಯೇ ಒಂದು ಹೇಳಿಕೆ ಬರುತ್ತದೆ. ಪರಿಸ್ಥಿತಿ ಹತೋಟಿಯಲ್ಲಿದೆ, ಬಿಗಿ ಬಂದೋಬಸ್ತ್ ಮಾಡಲಾಗಿದೆ, ಪ್ರವಾಸಿಗರು ಆತಂಕಪಡಬೇಕಿಲ್ಲ. ದಸರೆ ಹತ್ತಿರವಿದ್ದರೆ ಇನ್ನೊಂದು ಸಾಲು ಸೇರುತ್ತದೆ: ಕುಟುಂಬ ಸಮೇತ ನಿರ್ಭೀತಿಯಿಂದ ಬನ್ನಿ. ಪ್ರವಾಸೋದ್ಯಮದ ವಲಯದಲ್ಲಿ ಈ ಒಕ್ಕಣೆಗೆ ಒಳ್ಳೆಯ ಹೆಸರಿದೆ. ಸಕಾಲಿಕ, ಜವಾಬ್ದಾರಿಯುತ ಎಂದು ಬೆನ್ನು ತಟ್ಟುವವರಿದ್ದಾರೆ. ಅದು ಅಷ್ಟು ಹೊಗಳಿಕೆಗೆ ಯೋಗ್ಯವಾದ ಸರಕಲ್ಲ.

2016ರ ಸೆಪ್ಟೆಂಬರ್ ನೆನಪಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. 5ರಂದು 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಲು ಸುಪ್ರೀಂ ಕೋರ್ಟ್ ಆದೇಶ, ಮರುದಿನವೇ ಮಂಡ್ಯ ಬಂದ್, 9ರ ಶುಕ್ರವಾರ ಕರ್ನಾಟಕ ಬಂದ್. ಅದರ ಬೆನ್ನಿಗೇ ಎರಡನೇ ಶನಿವಾರ, ಭಾನುವಾರ, ಮಂಗಳವಾರ ಬಕ್ರೀದ್. ಮೈಸೂರು, ಶ್ರೀರಂಗಪಟ್ಟಣ, ಕೆಆರ್‌ಎಸ್ ಎಂದು ಹೊರಡುವವರಿಗೆ ಹೇಳಿ ಮಾಡಿಸಿದ ರಜೆ. ನಡುವಿನ ಸೋಮವಾರ, 12ರಂದು, ಕೋರ್ಟು ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿ ಅವಧಿಯನ್ನು 20ರವರೆಗೆ ಹಿಗ್ಗಿಸಿತು. ಕೆಲವೇ ಗಂಟೆಗಳಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಸಾಲಾಗಿ ಸುಟ್ಟವು, ರಾತ್ರಿಯ ಹೊತ್ತಿಗೆ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಇಂಥ ದಿನ ಬೆಳಗ್ಗೆ ಹೊರಟ ಹೇಳಿಕೆ ಮಧ್ಯಾಹ್ನಕ್ಕೆ ಹಳಸಿರುತ್ತದೆ. ಆದರೆ ಅದರ ಮೇಲೆ ಎಷ್ಟು ಗಂಟೆಯವರೆಗೆ ಎಂಬ ಮಾತಿರುವುದಿಲ್ಲ. ಯಾವ ರಸ್ತೆ ಎಂದೂ ಇರುವುದಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ ಎನ್ನುವಾಗ ಮಾತು ಗೆಜ್ಜಲಗೆರೆಯದೋ, ಮದ್ದೂರಿನ ಟಿ.ಬಿ. ವೃತ್ತದ್ದೋ, ಮಂಡ್ಯದ ಸರ್ ಎಂ.ವಿ. ಪ್ರತಿಮೆಯ ಮುಂದಿನದೋ? ಈ ಮೂರು ಜಾಗದಲ್ಲಿ ಒಂದು ಕಟ್ಟಿಕೊಂಡರೂ ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮೈಸೂರು ದೂರವೇ. ಇನ್ನು ಬಂದೋಬಸ್ತಿನ ವಾಕ್ಯ. ಇಷ್ಟು ಕೆಎಸ್‌ಆರ್‌ಪಿ ತುಕಡಿ, ಇಷ್ಟು ಡಿಎಆರ್, ಜೊತೆಗೆ ಗಲಭೆ ನಿಗ್ರಹದ ಆರ್‌ಎಎಫ್ ಎಂದು ಪಟ್ಟಿ ಉದ್ದವಾದಷ್ಟೂ ಧೈರ್ಯ ಹೆಚ್ಚುತ್ತದೆಂದು ಬರೆದವರ ಲೆಕ್ಕ. ಎರಡು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡ ಅಪ್ಪ ಅದನ್ನು ಓದಿ ಬುಕ್ ಮಾಡಿದ ರೂಮು ರದ್ದು ಮಾಡುತ್ತಾನೆ. ಏನೂ ಇಲ್ಲದ ಊರಿಗೆ ಆರ್‌ಎಎಫ್ ಯಾಕೆ ಬರುತ್ತದೆ?

ಅದಕ್ಕಿಂತ ದೊಡ್ಡ ಲೋಪ, ಹೇಳಿಕೆ ಎಲ್ಲ ಪ್ರವಾಸಿಗರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು. 2016ರ ಆ ವಾರ ಅಪಾಯವಿದ್ದದ್ದು ನಂಬರ್ ಪ್ಲೇಟಿನಲ್ಲಿ. ಕೆಎ ಎಂದಿದ್ದರೆ ತಡವಾಗುತ್ತಿತ್ತು, ಟಿಎನ್ ಎಂದಿದ್ದರೆ ಗಾಜು ಒಡೆಯುತ್ತಿತ್ತು. ಹೊಸೂರು ಗಡಿಯಲ್ಲಿ ಎರಡೂ ರಾಜ್ಯದ ಬಸ್ಸುಗಳು ನಿಂತಿದ್ದವು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳದ ಅಭಯ ಯಾರಿಗೆ ಕೊಟ್ಟಂತಾಯಿತು?

ಇಲ್ಲಿ ಟಿವಿಯನ್ನು ದೂರುವವರ ಮಾತನ್ನೂ ಎತ್ತಿಕೊಳ್ಳಬೇಕು. ಭಯ ಹುಟ್ಟಿಸಿದ್ದು ಸುದ್ದಿವಾಹಿನಿ, ಸುಟ್ಟ ಅದೇ ಬಸ್ಸನ್ನು ದಿನವಿಡೀ ತಿರುಗಿಸಿ ತೋರಿಸಿ ಪ್ರವಾಸೋದ್ಯಮವನ್ನು ಹಾಳು ಮಾಡಿತು ಎಂಬುದು ಅವರ ವಾದ. ಅರ್ಧ ನಿಜ. ಉಳಿದರ್ಧಕ್ಕೆ ಅವರು ಉತ್ತರಿಸುವುದಿಲ್ಲ: ಆ ಸೆಪ್ಟೆಂಬರಿನಲ್ಲಿ ಕೆಆರ್‌ಎಸ್ ಅಣೆಕಟ್ಟೆ ಮತ್ತು ಬೃಂದಾವನ ಉದ್ಯಾನಕ್ಕೆ ಪ್ರವಾಸಿಗರ ಪ್ರವೇಶ ನಿಷೇಧಿಸಿದ್ದು ಟಿವಿಯಲ್ಲ, ಆಡಳಿತ. ಒಂದು ಕೈಯಲ್ಲಿ ಗೇಟಿಗೆ ಬೀಗ, ಇನ್ನೊಂದು ಕೈಯಲ್ಲಿ ಆತಂಕ ಬೇಡ ಎಂಬ ಕಾಗದ. ಬೀಗ ಹಾಕಿದ್ದು ತಪ್ಪೆಂದಲ್ಲ, ಅಣೆಕಟ್ಟೆಯೇ ಜಗಳದ ಕೇಂದ್ರವಾಗಿದ್ದಾಗ ಅದು ಸರಿಯಾದ ಕ್ರಮವೇ. ಬೀಗದ ಸುದ್ದಿಯನ್ನೇ ಮೊದಲ ಸಾಲಿನಲ್ಲಿ ಹೇಳಿದ್ದರೆ ಸಾಕಿತ್ತು.

ಇನ್ನೊಂದು ಪಂಗಡ ಭಾವುಕರದು. ಮಂಡ್ಯದ ಜನ ಹೃದಯವಂತರು, ರಸ್ತೆ ತಡೆದವರೇ ರಸ್ತೆಯಲ್ಲಿ ಒಲೆ ಹೂಡಿ ಸಿಕ್ಕಿಬಿದ್ದವರಿಗೂ ಊಟ ಹಾಕುತ್ತಾರೆ ಎಂದು ಬರೆಯುವವರು. ಊಟ ಹಾಕುವುದು ಸುಳ್ಳಲ್ಲ. ಮುಂದಾಳು ಜಿ. ಮಾದೇಗೌಡರ ಕಾಲದಿಂದಲೂ ರೈತ ಹಿತರಕ್ಷಣಾ ಸಮಿತಿಯ ಚಳವಳಿಗೆ ಒಂದು ಗಾಂಭೀರ್ಯವಿದೆ, ದಾರಿಹೋಕನ ಮೇಲೆ ಅದಕ್ಕೆ ಹಗೆಯಿಲ್ಲ. ಆದರೆ ಮೈಸೂರಿನಲ್ಲಿ ರಾತ್ರಿ ರೈಲು ಹಿಡಿಯಬೇಕಾದವನಿಗೆ ಪುಳಿಯೋಗರೆಯಿಂದ ಏನಾಗಬೇಕು? ರೈತರ ಒಳ್ಳೆಯತನವನ್ನು ಪ್ರವಾಸೋದ್ಯಮದ ಜಾಹೀರಾತಿಗೆ ಬಳಸುವುದು ಚಳವಳಿಗೂ ಮಾಡುವ ಅನ್ಯಾಯ. ಅವರು ರಸ್ತೆಯಲ್ಲಿ ಕೂತಿದ್ದು ಕಬ್ಬು, ಭತ್ತ ಒಣಗುತ್ತಿದ್ದುದಕ್ಕೆ, ಅತಿಥಿ ಸತ್ಕಾರಕ್ಕಲ್ಲ.

ಸ್ಪಷ್ಟವಾಗಿ ಹೇಳುವ ಮಾದರಿಗಳು ಇಲ್ಲದಿಲ್ಲ. ಬೇರೆ ದೇಶಗಳ ವಿದೇಶಾಂಗ ಇಲಾಖೆಗಳ ಪ್ರವಾಸ ಸೂಚನೆಗಳು ಒಣ ಬರಹ, ಎಷ್ಟೋ ಸಲ ಅತಿ ಪುಕ್ಕಲು. ಆದರೂ ಬ್ರಿಟನ್ನಿನದು ಎಲ್ಲ ಪ್ರಯಾಣ ಬೇಡ ಎಂಬುದಕ್ಕೂ ತೀರಾ ಅಗತ್ಯವಿಲ್ಲದ್ದು ಬೇಡ ಎಂಬುದಕ್ಕೂ ಗೆರೆ ಎಳೆಯುತ್ತದೆ. ಆ ಸೂಚನೆ ಮೀರಿ ಹೋದರೆ ವಿಮೆ ಸಿಗದಿರಬಹುದು ಎಂದೂ ಎಚ್ಚರಿಸುತ್ತದೆ.

ಹೊಗಳಿಕೆ ಸಲ್ಲಬೇಕಾದದ್ದು ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್‌ಗೆ. ಬೆಂಗಳೂರಿಗೆ ಕನಕಪುರದ ಮೇಲೆ, ಮಂಡ್ಯ ಮುಟ್ಟಲ್ಲ ಎಂಬ ಒಂದು ಕೂಗಿನಲ್ಲಿ ಪ್ರವಾಸಿಗೆ ಬೇಕಾದ್ದೆಲ್ಲ ಇದೆ. ಹೆದ್ದಾರಿ ಬಂದ್ ಆದರೆ ಬನ್ನೂರು–ಮಳವಳ್ಳಿ–ಕನಕಪುರ, ಇಲ್ಲವೇ ಪಾಂಡವಪುರ–ನಾಗಮಂಗಲ–ಕುಣಿಗಲ್. ಮಳವಳ್ಳಿಯ ಅನಂತರಾಂ ವೃತ್ತದಲ್ಲೂ ಜನ ಕೂತಿದ್ದರೆ ಮೊದಲನೆಯದೂ ಇಲ್ಲ, ಗಗನಚುಕ್ಕಿ ಜಲಪಾತವೂ ಇಲ್ಲ. ಈ ವಿವರ ಪತ್ರಿಕಾ ಹೇಳಿಕೆಗೆ ಏರುವುದೇ ಅಪರೂಪ.

2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರು, ಮಂಡ್ಯ ಎರಡರ ಒಳಗೂ ಇಳಿಯದೆ ಹೋಗುತ್ತದೆ. ಅದೇ ವರ್ಷದ ಸೆಪ್ಟೆಂಬರ್ 23ರ ಮಂಡ್ಯ ಬಂದ್ ಬಂದದ್ದೂ ಶನಿವಾರ, ಪ್ರವಾಸದ ದಿನ. ಬೈಪಾಸಿನಿಂದ ಊರಿನ ಸಿಟ್ಟು ಕಣ್ಣಿಗೆ ಬೀಳುವುದು ತಪ್ಪಿರಬಹುದು, ಹೇಳಿಕೆಯ ಕೊರತೆ ತುಂಬಿಲ್ಲ. ಕಾವೇರಿ ಕಣಿವೆಯಲ್ಲಿ ಮಳೆ ಕೈಕೊಟ್ಟ ವರ್ಷ ಇದೆಲ್ಲ ಮತ್ತೆ ಬರುತ್ತದೆ. ಆಗ ಜಿಲ್ಲಾಡಳಿತವೂ ಪ್ರವಾಸೋದ್ಯಮ ಇಲಾಖೆಯೂ ಅಭಯ ನೀಡುವುದನ್ನು ಬಿಟ್ಟು ನಾಲ್ಕು ಸಂಗತಿ ಪ್ರಕಟಿಸಲಿ: ಯಾವ ರಸ್ತೆ ಎಷ್ಟು ಗಂಟೆಯವರೆಗೆ ತೆರೆದಿದೆ, ಬೃಂದಾವನದ ಗೇಟು ತೆಗೆದಿದೆಯೋ ಇಲ್ಲವೋ, ಹೊರರಾಜ್ಯದ ವಾಹನ ಎಲ್ಲಿ ನಿಲ್ಲಬೇಕು, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ.