ವೀರಮಾತೆ ಎಂಬ ಹೆಸರು

ಡಿಸೆಂಬರ್ 16ರ ವಿಜಯ ದಿವಸಕ್ಕೆ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇಡುವುದು ವಾಡಿಕೆ. ಸ್ಪರ್ಧೆ ಮಕ್ಕಳದಾದರೂ ಭಾಷಣ ಬರೆದುಕೊಡುವವಳು ಕನ್ನಡ ಟೀಚರಾದ ನಾನೇ. ಇದು ಎಲ್ಲ ಶಾಲೆಗಳಲ್ಲೂ ನಡೆಯುವ ಗುಟ್ಟು. ನಿಮ್ಮ ಮಕ್ಕಳಿಗೆ ನೀವೂ ಬರೆದುಕೊಟ್ಟಿರುತ್ತೀರಿ; ಮುಚ್ಚಿಡುವುದೇನಿದೆ?

ಆ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಅರುಣ್ ಖೇತರ್ಪಾಲನ ಮೇಲೆ ಭಾಷಣ ಬರೆದುಕೊಟ್ಟೆ. ಏಕವಚನದಲ್ಲಿ ಕರೆದೆನೆಂದು ತಪ್ಪು ತಿಳಿಯಬೇಡಿ. ನನ್ನ ಮಗನಿಗಿಂತ ಚಿಕ್ಕ ವಯಸ್ಸಿನಲ್ಲೇ ಹೋದ ಹುಡುಗ ಅವನು. 1950ರ ಅಕ್ಟೋಬರ್ 14ರಂದು ಪುಣೆಯಲ್ಲಿ ಹುಟ್ಟಿದ. 1971ರ ಜೂನ್ ತಿಂಗಳಲ್ಲಿ ಪೂನಾ ಹಾರ್ಸ್ ಎಂಬ ಟ್ಯಾಂಕ್ ದಳಕ್ಕೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿದ. ಆರು ತಿಂಗಳು ತುಂಬುವಷ್ಟರಲ್ಲಿ ಯುದ್ಧ. ಡಿಸೆಂಬರ್ 16ರಂದು ಶಕರಗಢ ವಲಯದಲ್ಲಿ, ಬಸಂತರ್ ನದಿಯ ಹತ್ತಿರ, ಎದುರಿನಿಂದ ನುಗ್ಗಿ ಬಂದ ಟ್ಯಾಂಕುಗಳನ್ನು ಬೆರಳೆಣಿಕೆಯ ಸಂಗಾತಿಗಳೊಡನೆ ತಡೆದ. ತನ್ನ ಟ್ಯಾಂಕಿಗೆ ಗುಂಡು ತಾಗಿ ಬೆಂಕಿ ಹತ್ತಿತು. ಬಿಟ್ಟು ಬಾ ಎಂದು ಮೇಲಧಿಕಾರಿ ರೇಡಿಯೋದಲ್ಲಿ ಆಜ್ಞೆ ಮಾಡಿದರು. ನನ್ನ ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಬಿಡಲಾರೆ ಎಂಬ ಅರ್ಥದ ಉತ್ತರ ಕೊಟ್ಟ. ಮತ್ತೊಂದು ಗುಂಡು ಬಿತ್ತು. ವಯಸ್ಸು ಇಪ್ಪತ್ತೊಂದು ವರ್ಷ ಎರಡು ತಿಂಗಳು. ಅದೇ ದಿನ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮಾರನೆಯ ದಿನ ಪಶ್ಚಿಮ ಗಡಿಯಲ್ಲೂ ಕದನ ನಿಂತಿತು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ಇಷ್ಟನ್ನು ಹೇಳಿ, ಭಾಷಣದ ಕೊನೆಗೆ ನನ್ನ ಕೈವಾಡ ತೋರಿಸಿದ್ದೆ: "ಇಂಥ ಮಗನನ್ನು ಕಳೆದುಕೊಂಡ ಆ ತಾಯಿ ಅಳಲಿಲ್ಲ. ವೀರಮಾತೆ ಎಂಬ ಹೆಸರನ್ನು ಹೆಮ್ಮೆಯಿಂದ ಹೊತ್ತಳು." ಚಪ್ಪಾಳೆ ಬೀಳುವ ಜಾಗ ಅದು. ಮೂವತ್ತು ವರ್ಷಗಳ ಅನುಭವದಿಂದ ಅಂಥ ಜಾಗ ನನಗೆ ಗೊತ್ತಾಗುತ್ತದೆ.

ಮರುದಿನ ಹುಡುಗಿ ಹಾಳೆ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಟೀಚರ್, ಇದೊಂದು ಸಾಲು ಬಿಟ್ಟುಬಿಡ್ಲಾ?" ಯಾಕೆ ಎಂದೆ. "ನಮ್ಮಣ್ಣ ಮಿಲಿಟರೀಲಿದಾನೆ. ರಜ ಮುಗಿಸಿ ಹೊರಟಾಗ್ಲೇ ಅಮ್ಮ ಅಳ್ತಾಳೆ. ಎರಡು ದಿನ ಒಲೆ ಮುಂದೆ ಕೂತು ಅಳ್ತಾಳೆ. ಅಳಲಿಲ್ಲ ಅಂತ ನಾನು ಹೇಗೆ ಹೇಳ್ಲಿ ಟೀಚರ್? ಅವಳೂ ಕೇಳೋಕೆ ಬರ್ತಾಳೆ."

ನನಗೆ ಉತ್ತರ ಹೊಳೆಯಲಿಲ್ಲ. ಕಾಣದ ಊರಿನ, ಕಾಣದ ತಾಯಿಯೊಬ್ಬಳು ಅಳಲಿಲ್ಲವೆಂದು ಬರೆಯಲು ನನಗೆ ಯಾರು ಅಧಿಕಾರ ಕೊಟ್ಟರು? ಆ ಸಾಲು ಎಲ್ಲಿಂದ ಬಂತೆಂದು ಯೋಚಿಸುತ್ತಾ ಮನೆಗೆ ಬಂದೆ. ರಾತ್ರಿ ಊಟದ ಪಾತ್ರೆ ತೊಳೆಯುವಾಗ ಹೊಳೆಯಿತು. ಅದು ಬಂದದ್ದು ರನ್ನನಿಂದ. ಬಿ.ಎ. ಓದುವಾಗ ಬಾಯಿಪಾಠ ಮಾಡಿದ ಗದಾಯುದ್ಧದಿಂದ.

ಆ ದೃಶ್ಯ ನಿಮಗೂ ನೆನಪಿರಬಹುದು. ಹದಿನೆಂಟು ದಿನಗಳ ಯುದ್ಧ ಮುಗಿಯುತ್ತಾ ಬಂದಿದೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಭೀಷ್ಮರನ್ನು ಕಾಣಲು ನಡೆಯುತ್ತಿದ್ದಾನೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ. ಅಭಿಮನ್ಯುವಿನ ಹೆಣದ ಮುಂದೆ ಅವನು ನಿಲ್ಲುತ್ತಾನೆ. ದ್ರೋಣರು ಹೂಡಿದ ವ್ಯೂಹವನ್ನು ಒಡೆದು ಒಳಹೊಕ್ಕವನು, ತನ್ನ ಕಡೆಯವರನ್ನು ಕೊಂದವನು, ತನ್ನ ಶತ್ರುವಿನ ಮಗ. ಆ ಹುಡುಗನನ್ನು ದುರ್ಯೋಧನ ಹೊಗಳುತ್ತಾನೆ. ನಿನ್ನನ್ನು ಹೆತ್ತವಳು ಬರಿದೇ ಹೆತ್ತವಳಲ್ಲ, ವೀರಜನನಿ ಎಂಬ ಹೆಸರು ಪಡೆದಳು ಎನ್ನುತ್ತಾನೆ. ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಅವನನ್ನೇ ಬೇಡಿಕೊಳ್ಳುತ್ತಾನೆ.

ಮುಂದಿನ ಹೆಜ್ಜೆಗೆ ಸ್ವಂತ ಮಗ ಲಕ್ಷಣಕುಮಾರನ ಹೆಣ. ಅವನನ್ನು ಕೊಂದವನು ಈಗ ತಾನೆ ಹೊಗಳಿಸಿಕೊಂಡ ಅಭಿಮನ್ಯುವೇ. ಇಲ್ಲಿ ದುರ್ಯೋಧನ ರಾಜನಲ್ಲ, ಅಪ್ಪ. ಮಗ ಅಪ್ಪನಿಗೆ ತರ್ಪಣ ಬಿಡುವುದು ಲೋಕದ ಕ್ರಮ, ನೀನು ಅದನ್ನು ತಿರುಗುಮುರುಗು ಮಾಡಿದೆಯಲ್ಲ ಎಂದು ಕೇಳುತ್ತಾನೆ.

ರನ್ನನ ದೊಡ್ಡತನ ಈ ಎರಡು ಹೆಜ್ಜೆಗಳಲ್ಲಿದೆ ಎಂದು ನಾನು ತಿಳಿದಿದ್ದೇನೆ. ವೈರಿಯ ಮಗನಿಗೆ ಹೊಗಳಿಕೆ, ತನ್ನ ಮಗನಿಗೆ ಕಣ್ಣೀರು. ಎರಡೂ ಒಬ್ಬನ ಬಾಯಿಂದಲೇ, ಒಂದೇ ನಡಿಗೆಯಲ್ಲಿ. ಸತ್ತ ಹುಡುಗನನ್ನು ಕೊಂಡಾಡಲು ಕೊಂದವನನ್ನು ಬಯ್ಯಲೇಬೇಕಾಗಿಲ್ಲ ಎಂದು ಸಾವಿರ ವರ್ಷಗಳ ಹಿಂದೆ ಕನ್ನಡದ ಕವಿಯೊಬ್ಬ ತೋರಿಸಿಕೊಟ್ಟ. ನಮ್ಮ ಶಾಲೆಯ ಭಾಷಣಗಳು ಅಲ್ಲಿಗೆ ಇನ್ನೂ ಮುಟ್ಟಿಲ್ಲ.

ಆದರೆ ಆ ರಾತ್ರಿ ಪುಸ್ತಕ ತೆಗೆದು ಮತ್ತೆ ಓದಿದಾಗ ಹುಡುಗಿಯ ಪ್ರಶ್ನೆ ಪಕ್ಕದಲ್ಲೇ ಕೂತಿತ್ತು. ಅಪ್ಪನಿಗೆ ಅಳು ಕೊಟ್ಟ ಕವಿ ಅಮ್ಮನಿಗೆ ಕೊಟ್ಟದ್ದೇನು? ಒಂದು ಹೆಸರು. ಅದೂ ಅವಳ ಮಗನನ್ನು ಕೊಂದ ಪಕ್ಷದ ಒಡೆಯನ ಬಾಯಿಂದ ಬಂದ ಬಿರುದು. ಗಾಂಧಾರಿ ಇದಕ್ಕೂ ಮೊದಲು ಬಂದು ಸಂಧಿ ಮಾಡಿಕೋ ಎಂದು ಮಗನನ್ನು ಬೇಡಿದ್ದಾಳೆ, ಮಗ ಕೇಳಿಲ್ಲ. ಈ ಹೆಣಗಳ ನಡುವೆ ಮಾತ್ರ ಸುಭದ್ರೆ ಇಲ್ಲ, ಉತ್ತರೆ ಇಲ್ಲ, ಲಕ್ಷಣಕುಮಾರನ ತಾಯಿ ಭಾನುಮತಿಯೂ ಇಲ್ಲ. ರನ್ನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆ ತೊಡಿಸುವುದು ಎಂದರೇನು, ಒಡೆಯುವುದು ಎಂದರೇನು ಎಂದು ಅವನಿಗಿಂತ ಚೆನ್ನಾಗಿ ಬಲ್ಲ ಕವಿ ಯಾರಿದ್ದರು? ಆ ಸದ್ದನ್ನು ಅವನು ಇಲ್ಲಿ ಕೇಳಿಸಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ. ಮಹಾಕವಿಯ ಮೇಲೆ ಒಬ್ಬ ಟೀಚರ್‌ನ ದೂರು ಇದು, ದೊಡ್ಡವರು ಕ್ಷಮಿಸಬೇಕು.

ಬಿರುದಿನಲ್ಲಿ ಇನ್ನೊಂದು ತೊಡಕಿದೆ. ಅದು ಹಿರಿಯರನ್ನು ಸುಲಭವಾಗಿ ಪಾರು ಮಾಡುತ್ತದೆ. ಹದಿನಾರು ವರ್ಷದ ಅಭಿಮನ್ಯುವನ್ನು ವ್ಯೂಹದೊಳಕ್ಕೆ ಹೋಗು ಎಂದವರು ಯಾರು? ದೊಡ್ಡಪ್ಪ ಧರ್ಮರಾಯ. ಹಿಂದೆಯೇ ಬರುತ್ತೇವೆ ಎಂದು ಮಾತು ಕೊಟ್ಟವರು ಹಿರಿಯರು. ಜಯದ್ರಥ ಬಾಗಿಲಲ್ಲಿ ತಡೆದಾಗ ಒಳಗೆ ಉಳಿದವನು ಹುಡುಗನೊಬ್ಬನೇ. ನಿಷ್ಠೆ ಅವನದು, ಲೆಕ್ಕಾಚಾರ ಅವರದು. ನಾವು ಮಕ್ಕಳಿಗೆ ಹೇಳುವ ಕಥೆಯಲ್ಲಿ ತಪ್ಪು ಯಾರ ತಲೆಗೆ ಬರುತ್ತದೆ, ನೆನಪಿಸಿಕೊಳ್ಳಿ. ಬಸುರಿ ಸುಭದ್ರೆಗೆ ವ್ಯೂಹದ ರಹಸ್ಯ ಹೇಳುವಾಗ ಅವಳಿಗೆ ನಿದ್ದೆ ಬಂತಂತೆ. ಅದಕ್ಕೇ ಹೊಟ್ಟೆಯಲ್ಲಿದ್ದ ಮಗುವಿಗೆ ಹೊರಬರುವುದು ತಿಳಿಯಲಿಲ್ಲವಂತೆ! ದಿನ ತುಂಬುತ್ತಿರುವ ಹೆಂಗಸು ತೂಕಡಿಸಿದ್ದೇ ಅಪರಾಧವಾಯಿತು. ವ್ಯಾಸರ ದ್ರೋಣಪರ್ವದಲ್ಲಿ ಅಭಿಮನ್ಯು ಹೇಳುವುದು ಬೇರೆ: ಒಳಹೊಗುವುದನ್ನು ಅಪ್ಪ ಕಲಿಸಿದ್ದಾರೆ, ಅಪಾಯ ಬಂದರೆ ಹೊರಬರುವುದು ಗೊತ್ತಿಲ್ಲ. ಗೊತ್ತಿಲ್ಲವೆಂದು ಅವನು ಮೊದಲೇ ಹೇಳಿದ್ದ. ಹಿರಿಯರಿಗೆ ತಿಳಿದೇ ಇತ್ತು.

ನಮ್ಮ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಊರ ಹೊರಗೆ, ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಹಿಂದೆ ನಿಂತಿರುತ್ತವೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವನ ಸನ್ನಿಧಿ. ರನ್ನ ಹುಟ್ಟಿದನೆಂದು ಹೇಳುವ 949ರ ಆಸುಪಾಸಿನದೇ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರ, ಏನು ಬೇಕು ಕೇಳು ಎಂದು ಒಡೆಯ ಹೇಳಿದಾಗ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು. ನನ್ನ ಮೆಚ್ಚಿನ ಶಾಸನ ಇದು. ನಾಯಿಯನ್ನೂ ಮರೆಯದ ಜನ ನಮ್ಮವರು ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇನೆ. ಹೆಂಗಸಿಗೂ ಕಲ್ಲಿದೆ, ಮಾಸ್ತಿಕಲ್ಲು. ಬಳೆ ತೊಟ್ಟ ಒಂದು ತೋಳು ಮೇಲೆತ್ತಿರುತ್ತದೆ. ಆದರೆ ಅದು ಗಂಡನ ಹಿಂದೆ ತಾನೂ ಸತ್ತವಳ ಕಲ್ಲು. ಸಾಯದೆ ಉಳಿದು, ಮಕ್ಕಳನ್ನು ಸಾಕಿ, ಅತ್ತೆಯ ಮುಂದೆ ಅಳದೆ ಹಿತ್ತಲಲ್ಲಿ ಅತ್ತು, ಮುದುಕಿಯಾದವಳ ಕಲ್ಲನ್ನು ನಾನು ಎಲ್ಲೂ ಕಂಡಿಲ್ಲ.

ಹಾಗಾದರೆ ಅವಳನ್ನು ಯಾವ ಕವಿಯೂ ನೋಡಲಿಲ್ಲವೇ? ನೋಡಿದವರು ವ್ಯಾಸರು. ಅವರ ಸ್ತ್ರೀಪರ್ವದಲ್ಲಿ ಹೆಂಗಸರು ರಣರಂಗಕ್ಕೆ ಬರುತ್ತಾರೆ. ಅಲ್ಲಿ ಉತ್ತರೆ ಗಂಡನ ರಕ್ತ ಮೆತ್ತಿದ ಕವಚವನ್ನು ಬಿಚ್ಚಿ ಗಾಯಗಳನ್ನು ನೋಡುತ್ತಾಳೆ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಟುಕಟ್ಟಿದ ಕೂದಲನ್ನು ಸವರುತ್ತಾ, ಬದುಕಿರುವವನನ್ನು ಕೇಳುವಂತೆ ಮಾತಾಡಿಸುತ್ತಾಳೆ. ನಾವು ಕೂಡಿ ಬಾಳಿದ್ದು ಆರೇ ತಿಂಗಳು, ಏಳನೆಯದರಲ್ಲಿ ಹೊರಟುಹೋದೆಯಲ್ಲ ಎನ್ನುತ್ತಾಳೆ. ಇದನ್ನೆಲ್ಲ ಕೃಷ್ಣನಿಗೆ ತೋರಿಸಿ ಹೇಳುವವಳು ಗಾಂಧಾರಿ. ನೂರು ಮಕ್ಕಳನ್ನು ಕಳೆದುಕೊಂಡವಳು, ವೈರಿಯ ಸೊಸೆಯ ಅಳುವನ್ನು ಕಾಣುತ್ತಾಳೆ. ಅವಳು ಉತ್ತರೆಗೆ ಯಾವ ಬಿರುದನ್ನೂ ಕೊಡುವುದಿಲ್ಲ. ಅವಳ ಬೆರಳುಗಳು ಏನು ಮಾಡುತ್ತಿವೆ ಎಂಬುದನ್ನು ಹೇಳುತ್ತಾಳೆ, ಅಷ್ಟೆ. ಗಂಡಸಿನ ಕಣ್ಣು ಸಾಹಸವನ್ನು ಅಳೆಯುತ್ತಿತ್ತು. ಇಲ್ಲಿ ಹೆಂಗಸಿನ ಕಣ್ಣು ಕೂದಲ ಗಂಟನ್ನು ನೋಡಿತು. ಸತ್ತವನನ್ನು ನೆನೆಯಲು ಎರಡೂ ಬೇಕು.

ಅರುಣನ ಕಥೆಗೆ ಮರಳುತ್ತೇನೆ. ಅದಕ್ಕೂ ರನ್ನನ ದೃಶ್ಯದಂಥದ್ದೇ ಒಂದು ಕೊನೆಯಿದೆ. 2001ರಲ್ಲಿ ಅವನ ತಂದೆ ಬ್ರಿಗೇಡಿಯರ್ ಎಂ.ಎಲ್. ಖೇತರ್ಪಾಲ್, ಎಂಬತ್ತು ದಾಟಿದ ವಯಸ್ಸಿನಲ್ಲಿ, ತಾವು ಹುಟ್ಟಿದ ಸರಗೋಧಾವನ್ನು ನೋಡಬೇಕೆಂದು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಬ್ರಿಗೇಡಿಯರ್ ನಾಸೆರ್ ಎಂಬುವರ ಮನೆಯಲ್ಲಿ ಇಳಿದುಕೊಂಡರು. ಮನೆಯವರೆಲ್ಲ ಅತಿಥಿಯನ್ನು ತುಂಬ ಆದರದಿಂದ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಆತಿಥೇಯರು ಬಾಯಿ ಬಿಟ್ಟರು: ಬಸಂತರ್ ಕದನದಲ್ಲಿ ನಿಮ್ಮ ಮಗನ ಎದುರಿಗಿದ್ದವನು ನಾನು, ಅವನು ಸತ್ತದ್ದು ನನ್ನ ಕೈಯಿಂದ. ಆ ಹುಡುಗನ ಧೈರ್ಯವನ್ನು ಅವರು ಮನಸಾರೆ ಹೊಗಳಿದರು.

ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಗೆದ್ದವರು ಸೋತವರು ಎಂಬುದೆಲ್ಲ ಅಳಿಸಿಹೋಗಿ ಇಬ್ಬರು ಮುದಿ ಸೈನಿಕರು ಎದುರುಬದುರು ಕೂತಿದ್ದಾರೆ. ದುರ್ಯೋಧನ ಹೆಣದ ಮುಂದೆ ಆಡಿದ ಮಾತನ್ನು ಇವರು ಬದುಕಿರುವ ತಂದೆಯ ಮುಂದೆ ಆಡಿದರು. ಅದು ಇನ್ನೂ ಕಷ್ಟದ್ದು. ದುರ್ಯೋಧನ ಹೇಳದ ಒಂದನ್ನು ಇವರು ಹೇಳಿದರು: ಕೊಂದವನು ನಾನು. ಹೊಗಳಿಕೆಯ ಮರೆಯಲ್ಲಿ ಅಡಗಿಕೊಳ್ಳಲಿಲ್ಲ. ರನ್ನನಿಗೆ ಈ ಸಂಗತಿ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಆದರೂ ನಾನು ಓದಿದ ಬರಹಗಳಲ್ಲಿ ಈ ಕಥೆ ಇಬ್ಬರು ಗಂಡಸರ ಮಾತಿಗೆ ಮುಗಿದುಬಿಡುತ್ತದೆ. ಅಪ್ಪ ಕೇಳಿಸಿಕೊಂಡದ್ದು, ವೈರಿ ಹೇಳಿದ್ದು. ಒಂಬತ್ತು ತಿಂಗಳು ಹೊತ್ತವಳು ಬಾಗಿಲ ಹಿಂದೆಯೇ ನಿಂತಿದ್ದಾಳೆ. ಆ ಖಾಲಿ ಜಾಗವನ್ನು ತುಂಬಲು ನನ್ನಂಥವಳು "ಅಳಲಿಲ್ಲ" ಎಂದು ಬರೆದಳು. ಅಳುವನ್ನು ಕಿತ್ತುಕೊಂಡು ಕೈಗೆ ಬಿರುದು ಕೊಟ್ಟಳು.

ಮಾರನೆಯ ದಿನ ಹುಡುಗಿಯನ್ನು ಕರೆದು, ಆ ಸಾಲು ಹೊಡೆದುಹಾಕಿ ನಿನಗೆ ತೋಚಿದ್ದನ್ನು ಬರೆ ಎಂದೆ. ಅವಳು ಬರೆದದ್ದು ಇಷ್ಟು: "ಅರುಣ್ ಖೇತರ್ಪಾಲರ ಅಮ್ಮ ತುಂಬ ಅತ್ತಿರುತ್ತಾರೆ. ಅತ್ತಿದ್ದರಿಂದ ಅವರ ಮಗನ ಧೈರ್ಯವೇನೂ ಕಡಿಮೆಯಾಗುವುದಿಲ್ಲ." ತಿದ್ದಲು ಎತ್ತಿಕೊಂಡ ಕೆಂಪು ಪೆನ್ನನ್ನು ಹಾಗೇ ಕೆಳಗಿಟ್ಟೆ.

ಸ್ಪರ್ಧೆಯಲ್ಲಿ ಅವಳಿಗೆ ಮೂರನೇ ಬಹುಮಾನ ಬಂತು. ಕೊನೆಯಲ್ಲಿ ಆವೇಶ ಸಾಲದು ಎಂದರು ತೀರ್ಪುಗಾರರು. ಆ ಸಾಲು ಬಂದಾಗ ಚಪ್ಪಾಳೆ ಬೀಳಲಿಲ್ಲ, ನಿಜ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಸಂಕ್ರಾಂತಿಯ ಹೊತ್ತಿಗೆ ಅವಳ ಅಣ್ಣ ರಜೆಯ ಮೇಲೆ ಬಂದ. ತಂಗಿಯನ್ನು ಬಿಡಲು ಬೈಕಿನಲ್ಲಿ ಶಾಲೆಗೆ ಬಂದವನು ಗೇಟಿನ ಹತ್ತಿರ ನಮಸ್ಕಾರ ಮಾಡಿದ. ಮೀಸೆ ಈಗ ತಾನೆ ದಪ್ಪವಾಗುತ್ತಿರುವ ಹುಡುಗ. ದೇಶ, ತ್ಯಾಗ ಎಂದೆಲ್ಲ ಹೇಳಲು ನನಗೆ ಬಾಯಿ ಬರಲಿಲ್ಲ. ಯಾವಾಗ ಹೊರಡುತ್ತೀಯಪ್ಪ ಎಂದು ಕೇಳಿದೆ. "ಇಪ್ಪತ್ತೆರಡಕ್ಕೆ, ಟೀಚರ್," ಎಂದ. "ಹೊರಡುವಾಗ ನಿಮ್ಮಮ್ಮ ಅತ್ತರೆ, ಅಳಬೇಡ ಅನ್ನಬೇಡ. ಸ್ವಲ್ಪ ಹೊತ್ತು ಹತ್ತಿರ ಕೂತಿರು," ಎಂದಷ್ಟೇ ಹೇಳಿದೆ.