ಮಂದಣ್ಣನಿಗೆ ಎಷ್ಟು ಅಂಕ?

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ಮಂದಣ್ಣನನ್ನು ಪರಿಚಯಿಸಬೇಕಿಲ್ಲ. ಮೂಡಿಗೆರೆ ಸೀಮೆಯ ಈ ಜೇನಿನ ಹುಡುಗ ಮೊದಮೊದಲು ನಿರೂಪಕನಿಗೂ ನಮಗೂ ಕಾಣುವುದು ಪೆದ್ದನಂತೆ. ಆದರೆ ವಿಜ್ಞಾನಿ ಕರ್ವಾಲೊ ಅವನ ಮಾತಿಗೆ ಕಿವಿಗೊಡುತ್ತಾರೆ. ಹಾರುವ ಓತಿಯನ್ನು ಕಂಡವನು ಅವನೇ.

ತರಗತಿಗಳಲ್ಲಿ ಈ ಕಾದಂಬರಿಯನ್ನು ‘ಪುಸ್ತಕದ ಬದನೆಕಾಯಿಗಿಂತ ಅನುಭವ ದೊಡ್ಡದು’ ಎಂಬ ನೀತಿಗೆ ಇಳಿಸಿ ಮುಗಿಸುವುದುಂಟು. ಈ ಓದು ನನಗೆ ಒಪ್ಪಿಗೆಯಿಲ್ಲ. ಕಳ್ಳಭಟ್ಟಿ ಪ್ರಕರಣದಲ್ಲಿ ಮಂದಣ್ಣ ಪೊಲೀಸರ ಕೈಗೆ ಸಿಕ್ಕಾಗ ಅವನ ಕಾಡಿನ ತಿಳಿವಳಿಕೆ ಯಾವ ನೆರವಿಗೂ ಬರುವುದಿಲ್ಲ. ಓದಿದವರೇ ಅವನ ಪರವಾಗಿ ಓಡಾಡಬೇಕಾಗುತ್ತದೆ. ಶಾಲೆ ಬೇಡ ಎನ್ನುವುದು ಶಾಲೆ ದಾಟಿ ಬಂದವರಿಗಷ್ಟೇ ಸುಲಭ.

ಹಾಗಾದರೆ ಕಾದಂಬರಿ ಕೇಳುತ್ತಿರುವುದೇನು? ನನ್ನ ಪ್ರಕಾರ ಅಲ್ಲಿ ಪರೀಕ್ಷೆಗೆ ಕೂತವರು ಓದಿದವರು. ಕರ್ವಾಲೊ ಅದರಲ್ಲಿ ಪಾಸಾಗುವುದು ಪದವಿಯ ಬಲದಿಂದಲ್ಲ. ತನಗಿಂತ ಬಡವನೂ ಕಡಿಮೆ ಓದಿದವನೂ ಆದ ಹುಡುಗನಿಂದ ಸಂಕೋಚವಿಲ್ಲದೆ ಕಲಿಯಬಲ್ಲರು, ಅದಕ್ಕೆ.

ಈ ಅಳತೆಗೋಲು ಹಿಡಿದು ಇಂದಿನ ಶಾಲೆಗಳನ್ನು ನೋಡಿ. ಡೊನೇಶನ್, ವರ್ಷದ ಶುಲ್ಕ, ವ್ಯಾನು, ಟ್ಯೂಷನ್, ಆಮೇಲೆ ನೀಟ್ ಕೋಚಿಂಗ್. ಒಡವೆ ಅಡವಿಟ್ಟು ಕಟ್ಟುವ ತಂದೆ-ತಾಯಿಯನ್ನು ಹಂಗಿಸಲಾರೆ. ತಮ್ಮ ಮಗು ಠಾಣೆಯೆದುರು ಮಂದಣ್ಣನಂತೆ ನಿಲ್ಲಬಾರದೆಂಬ ಅವರ ಭಯ ನಿಜವಾದದ್ದು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕೆಂದು 2009ರ ಕಾಯ್ದೆ ಸಾರಿದ ಮೇಲೂ ಆ ಭಯ ಹೋಗಿಲ್ಲ. ಆದರೆ ರಸೀದಿಯಲ್ಲಿ ಕಾಣದ ವೆಚ್ಚವೊಂದಿದೆ. ನೂರಕ್ಕೆ 95 ತಂದ ಮಗು, ಮಂದಣ್ಣನಂಥವನನ್ನು ನೋಡಿದ ಕೂಡಲೇ ಪೆದ್ದನೆಂದು ತೀರ್ಮಾನಿಸುವುದನ್ನೂ ಅಲ್ಲೇ ಕಲಿತು ಬರುತ್ತದೆ.

ಕಾದಂಬರಿಯ ಬಗ್ಗೆಯೂ ನನಗೊಂದು ತಕರಾರಿದೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಸಿಕ್ಕಿದ್ದರೆ ಆ ಶೋಧ ಯಾರ ಹೆಸರಿನಲ್ಲಿ ದಾಖಲಾಗುತ್ತಿತ್ತು? ಈ ಪ್ರಶ್ನೆ ಎದುರಾಗುವ ಮೊದಲೇ ಕಥೆ ಮುಗಿಯುತ್ತದೆ. ಮಂದಣ್ಣನಿಂದ ಕರ್ವಾಲೊ ಏನು ಪಡೆದರೆಂಬುದು ನಮಗೆ ಗೊತ್ತು. ಓದು ಮಂದಣ್ಣನಿಗೆ ಏನು ಕೊಡಬಹುದಿತ್ತು ಎಂಬುದು ಹಾಗೇ ಉಳಿಯಿತು.

ಅವನ ನೋಟವನ್ನು ಕೆಡಿಸದೆ, ಠಾಣೆಯಲ್ಲಿ ತನ್ನ ಪರವಾಗಿ ತಾನೇ ಮಾತಾಡುವ ಬಲ ಕೊಡುವ ಶಾಲೆ ಇದ್ದರೆ ಅದನ್ನು ಯಶಸ್ವಿ ಶಾಲೆ ಎನ್ನುತ್ತೇನೆ. ಅದರ ಶುಲ್ಕ ಮಂದಣ್ಣನ ಮನೆಯವರ ಕೈಗೆಟುಕುವಂತೆಯೂ ಇರಬೇಕು.